ಕಷ್ಟದ ವರುಷವೂ ಹೆಣ್ಣುಮಕ್ಕಳ ವಿದ್ಯೆಯೂ

ಮನೆಗೆ ಕಷ್ಟದ ವರುಷವು ಬಂದೊದಗಿದಾಗ ಮೊದಲು ನಿಲ್ಲುವುದು ಹೆಣ್ಣುಮಗಳ ವಿದ್ಯಾಭ್ಯಾಸ. ‘ಈ ವರುಷ ಅನುಕೂಲವಿಲ್ಲ, ಮುಂದಿನ ವರುಷ ನೋಡೋಣ’ ಎನ್ನುವ ತಂದೆತಾಯಿಗಳನ್ನು ನಾವು ದೂಷಿಸುವುದಿಲ್ಲ; ಅವರ ಸಂಕಟವು ನಿಜವಾದದ್ದೇ. ಆದರೆ ಆ ‘ಮುಂದಿನ ವರುಷ’ವು ಎಷ್ಟೋ ಹುಡುಗಿಯರ ಪಾಲಿಗೆ ಬಂದೇ ಇಲ್ಲವೆಂಬುದನ್ನೂ ನಾವು ಬಲ್ಲೆವು. ಆದಕಾರಣ ದಕ್ಷಿಣ ಅಮೇರಿಕದ ಚಿಲಿ ದೇಶದಲ್ಲಿ ೧೮೭೭ನೆಯ ಇಸವಿಯಲ್ಲಿ ನಡೆದ ಸಂಗತಿಗಳನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಆ ವರುಷವು ಚಿಲಿಗೆ ಸುಖದ ವರುಷವಾಗಿರಲಿಲ್ಲ. ದೇಶಕ್ಕೆ ಆಧಾರವಾಗಿದ್ದ ತಾಮ್ರ ಮತ್ತು ಗೋದಿಯ ವ್ಯಾಪಾರವು ಕುಗ್ಗಿದ್ದಿತು. ಶಾಂತಸಾಗರದ ನೀರು ಮಿತಿಮೀರಿ ಬೆಚ್ಚಗಾದ ಕಾಲವದು. ಮಧ್ಯ ಚಿಲಿಯಲ್ಲಿ ಅತಿವೃಷ್ಟಿಯಾಗಿ ಹೊಳೆಗಳು ಉಕ್ಕಿದವು. ಅದೇ ವೈಪರೀತ್ಯವು ನಮ್ಮ ಮೈಸೂರು ಸೀಮೆಯ ಧಾತು-ಈಶ್ವರ ಸಂವತ್ಸರಗಳ ಘೋರ ಕ್ಷಾಮವನ್ನು ಉಲ್ಬಣಗೊಳಿಸಿತೆಂದು ಹವಾಮಾನ ಶಾಸ್ತ್ರಜ್ಞರು ಹೇಳುತ್ತಾರೆ. ಮೇ ೯ರಂದು, ಆಗ ಪೆರು ದೇಶಕ್ಕೆ ಸೇರಿದ್ದ ಇಕಿಕೆಯ ಬಳಿ ಮಹಾ ಭೂಕಂಪವಾಗಿ, ಸಮುದ್ರದ ಅಲೆಗಳು ಆ ಕರಾವಳಿಯನ್ನೆಲ್ಲಾ ಬಡಿದು ಜಪಾನಿನ ತೀರದವರೆಗೂ ಹೋದವು. ನವೆಂಬರಿನಲ್ಲಿ ದಕ್ಷಿಣದ ತುದಿಯ ಪುಂತಾ ಅರೆನಾಸ್ ಊರಿನ ಫಿರಂಗಿ ದಳದವರು ದಂಗೆಯೆದ್ದರು. ಮರುವರುಷವೇ ಬ್ಯಾಂಕಿನ ನೋಟುಗಳಿಗೆ ಬದಲಾಗಿ ಚಿನ್ನ ಬೆಳ್ಳಿಯ ನಾಣ್ಯವನ್ನು ಕೊಡುವುದು ನಿಂತುಹೋಯಿತು.

ಇಂತಹ ವರುಷದ ಆರಂಭದಲ್ಲಿ, ಫೆಬ್ರವರಿ ೬ರಂದು, ವಿದ್ಯಾಮಂತ್ರಿಯಾದ ಮಿಗೇಲ್ ಲೂಯಿಸ್ ಅಮುನಾತೆಗಿಯವರು ವಿನ್ಯಾ ದೆಲ್ ಮಾರ್ ಊರಿನಲ್ಲಿ ಒಂದು ಆಜ್ಞೆಗೆ ರುಜು ಹಾಕಿದರು. ಪುರುಷರಿಗಿರುವ ನಿಯಮಗಳಿಗೇ ಒಳಪಡುವುದಾದರೆ, ವೃತ್ತಿಪದವಿಯ ಪರೀಕ್ಷೆಗಳಿಗೆ ಸ್ತ್ರೀಯರನ್ನೂ ಸೇರಿಸಿಕೊಳ್ಳತಕ್ಕದ್ದೆಂಬುದು ಅದರ ತಾತ್ಪರ್ಯ. ಖಜಾನೆಯು ಬರಿದಾಗಿದೆ, ಇದಕ್ಕೆ ಕಾಲವಲ್ಲವೆಂದು ಹೇಳಿ ಅದನ್ನು ಮುಂದೂಡಬಹುದಾಗಿತ್ತು; ಮುಂದೂಡಲಿಲ್ಲ.

ಈ ಆಜ್ಞೆಯು ಮಂತ್ರಿಗಳ ಮನಸ್ಸಿನಲ್ಲಿ ತಾನಾಗಿಯೇ ಹುಟ್ಟಿದ್ದೂ ಅಲ್ಲ. ಸಾಂತಿಯಾಗೊ ಪಟ್ಟಣದಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ನಡಿಸುತ್ತಿದ್ದ ಇಬ್ಬರು ಉಪಾಧ್ಯಾಯಿನಿಯರು ಅದಕ್ಕೆ ಕಾರಣರು. ಆಂತೋನಿಯಾ ತರ್ರಾಗೊ ಎಂಬಾಕೆ ತಮ್ಮ ವಿದ್ಯಾರ್ಥಿನಿಯರ ಪರೀಕ್ಷೆಗಳಿಗೆ ಮಾನ್ಯತೆಯನ್ನು ಬೇಡಿ ೧೮೭೨ರಲ್ಲಿಯೇ ಅರ್ಜಿ ಸಲ್ಲಿಸಿದ್ದರು, ಅದು ಫಲಿಸಲಿಲ್ಲ. ೧೮೭೬ರಲ್ಲಿ ಇಸಬೆಲ್ ಲೆ ಬ್ರುನ್ ಎಂಬಾಕೆ ಅದೇ ಬೇಡಿಕೆಯನ್ನು ಮತ್ತೆ ಮುಂದಿಟ್ಟರು. ಅವರು ಬೇಡಿದ್ದು ರಿಯಾಯಿತಿಯನ್ನಲ್ಲ, ಗಂಡುಮಕ್ಕಳು ಕೂರುವ ಪರೀಕ್ಷೆಗೇ ಕೂರುವ ಅಪ್ಪಣೆಯನ್ನು. ಹೆಣ್ಣುಮಕ್ಕಳಿಗೆ ಪಾಠವನ್ನು ಸುಲಭಮಾಡುವುದು ಕರುಣೆಯಲ್ಲವೆಂದೇ ನಮ್ಮ ಅಭಿಪ್ರಾಯವೂ ಆಗಿದೆ.

ಆದರೆ ಕಾನೂನು ಬಾಗಿಲನ್ನು ತೆರೆಯಬಲ್ಲದೇ ಹೊರತು ಮಗಳನ್ನು ಕೈಹಿಡಿದು ಒಳಗೆ ನಡಿಸಲಾರದು. ಅದು ಮನೆಯವರ ಕೆಲಸ. ಅದೇ ವರುಷ ಉತ್ತರದ ಗಣಿಯೂರಾದ ಕೊಪಿಯಾಪೊದಲ್ಲಿ ಪೋಷಕರೇ ಕೂಡಿಕೊಂಡು ಹೆಣ್ಣುಮಕ್ಕಳಿಗಾಗಿ ಪ್ರೌಢಶಾಲೆಯನ್ನು ಸ್ಥಾಪಿಸಿದರು. ಲೆ ಬ್ರುನ್ ಅವರ ಶಾಲೆಯಲ್ಲಿ ಕಲಿತ ಎಲೊಯಿಸಾ ದಿಯಾಸ್ ಎಂಬ ಬಾಲೆ ೧೮೮೧ರಲ್ಲಿ ವೈದ್ಯವಿದ್ಯಾಲಯವನ್ನು ಸೇರಿದಾಗ, ಆಕೆಯ ತಾಯಿಯೂ ತರಗತಿಗಳಿಗೆ ಜೊತೆಯಲ್ಲಿ ಹೋಗುತ್ತಿದ್ದರಂತೆ. ಆಜ್ಞೆಯಾಗಿ ಹತ್ತು ವರುಷಗಳ ತರುವಾಯ, ೧೮೮೭ರ ಜನವರಿಯಲ್ಲಿ, ಆಕೆಯು ಚಿಲಿಯ ಮೊದಲ ಮಹಿಳಾ ವೈದ್ಯೆಯಾದಳು. ಕೆಲವೇ ದಿನಗಳಲ್ಲಿ ಎರ್ನೆಸ್ತಿನಾ ಪೆರೇಸ್ ಎಂಬಾಕೆಯೂ ಆ ಪದವಿಯನ್ನು ಪಡೆದಳು. ೧೮೯೨ರಲ್ಲಿ ಮತಿಲ್ದೆ ತ್ರೂಪ್ ವಕೀಲೆಯಾದಳು. ಮುಂದೆ ಎಲೊಯಿಸಾ ಶಾಲಾ ಮಕ್ಕಳ ಆರೋಗ್ಯಾಧಿಕಾರಿಣಿಯಾಗಿ, ಬಡಮಕ್ಕಳಿಗೆ ಶಾಲೆಯಲ್ಲಿ ಬೆಳಗಿನ ಉಪಾಹಾರ ದೊರೆಯಬೇಕೆಂದೂ ಎಲ್ಲರಿಗೂ ಲಸಿಕೆ ಹಾಕಿಸಬೇಕೆಂದೂ ದುಡಿದಳು. ಒಬ್ಬಳ ವಿದ್ಯೆಯು ಸಾವಿರಾರು ಮನೆಗಳನ್ನು ಮುಟ್ಟಿತು. ಬಿದ್ದ ಮನೆಗಳನ್ನು ಜನರು ಮತ್ತೆ ಕಟ್ಟಿಕೊಂಡರು, ಹೋದ ಬೆಳೆಯೂ ಮತ್ತೆ ಬೆಳೆಯಿತು. ಕಲಿಯುವ ವಯಸ್ಸನ್ನು ಮಾತ್ರ ಯಾರೂ ಮರಳಿ ತರಲಾರರು.

ನಮ್ಮ ದೇಶದಲ್ಲಿ ಈಗ ಹುಡುಗಿಯನ್ನು ಕಾಲೇಜಿನ ಹೊರಗೆ ನಿಲ್ಲಿಸುವ ಕಾನೂನಿಲ್ಲ. ನಿಲ್ಲಿಸುವುದು ಹಣದ ಅಡಚಣೆ, ವಿವಾಹದ ಆತುರ, ನೆರೆಯವರ ಮಾತು. ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೇ: ಮಗಳನ್ನು ಬಿಡಿಸಬೇಕೆಂದು ತೋರಿದಾಗ, ಬಿಡಿಸುವುದಕ್ಕೆ ಮೊದಲು ಸಂಕೋಚಪಡದೆ ಶಾಲೆಗೆ ಬಂದು ನಮ್ಮೊಡನೆ ಮಾತಾಡಿರಿ. ಪೂರ್ವ ವಿದ್ಯಾರ್ಥಿನಿಯರೇ, ನೀವು ಸಂಪಾದಿಸುವವರಾಗಿದ್ದರೆ ಇಬ್ಬರು ಮೂವರು ಕೂಡಿ ಒಬ್ಬ ಹುಡುಗಿಯ ಒಂದು ವರುಷದ ವೆಚ್ಚವನ್ನು ವಹಿಸಿಕೊಳ್ಳಿರಿ. ಆ ಒಂದು ವರುಷವೇ ಎಷ್ಟೋ ವೇಳೆ ಒಂದು ಬಾಳಿನ ದಿಕ್ಕನ್ನು ನಿರ್ಣಯಿಸುತ್ತದೆ. ಕೊಡುವ ಮನಸ್ಸನ್ನೂ ಕಲಿಯುವ ಛಲವನ್ನೂ ದೇವರು ನಮ್ಮೆಲ್ಲರಿಗೆ ಅನುಗ್ರಹಿಸಲಿ.