ಕೇಳದೆ ಬಿಟ್ಟರೆ ಚಟ ಬಿಡುವುದಿಲ್ಲ

ಗುಟ್ಕಾ ತಿಂದಿದ್ದೀಯಾ? ಮದ್ಯ ಕುಡಿದಿದ್ದೀಯಾ? ಸಾಯಬೇಕೆಂದು ಎಂದಾದರೂ ಅನಿಸಿದೆಯೇ? ಶಾಲಾ ಮಕ್ಕಳಿಗೆ ಇಂತಹ ಪ್ರಶ್ನೆಗಳನ್ನು ಕೇಳುವ ಸಮೀಕ್ಷೆ ಎಂದೊಡನೆ ನಮ್ಮಲ್ಲಿ ಹಲವರು ಹೌಹಾರುತ್ತಾರೆ. ಗೊತ್ತಿಲ್ಲದ್ದನ್ನು ಕಲಿಸಿಕೊಟ್ಟಂತಾಗುತ್ತದೆ ಎಂಬುದು ಹೆತ್ತವರ ಆತಂಕ. ಶಾಲೆಯ ಹೆಸರು ಕೆಡುತ್ತದೆ ಎಂಬುದು ಆಡಳಿತ ಮಂಡಳಿಯ ಚಿಂತೆ. ಮೊದಲನೆಯದು ತಪ್ಪು ತಿಳುವಳಿಕೆ. ಎರಡನೆಯದು ಶುದ್ಧ ಸ್ವಾರ್ಥ.

ನಮ್ಮದೇ ದೇಶದ ಲೆಕ್ಕ ನೋಡಿ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 8.5 ಮಂದಿ ತಂಬಾಕು ಬಳಸುತ್ತಿದ್ದರು. ಬೀಡಿ ಸೇದಿದ್ದವರಲ್ಲಿ ಶೇ. 47 ಮಂದಿ ಅದನ್ನು ಮೊದಲು ಬಾಯಿಗಿಟ್ಟದ್ದು ಹತ್ತು ವರ್ಷ ತುಂಬುವ ಮುನ್ನ! ಅವರಿಗೆ ಬೀಡಿ ಕಲಿಸಿದ್ದು ಯಾವ ಪ್ರಶ್ನಾವಳಿ? ಹೈಸ್ಕೂಲಿನಲ್ಲಿ ವರ್ಷಕ್ಕೊಂದು ಭಾಷಣ ಮಾಡಿಸಿ ಕೈತೊಳೆದುಕೊಳ್ಳುವ ನಮ್ಮ ಕ್ರಮ ಎಷ್ಟು ತಡವಾದುದೆಂದು ಈ ಒಂದು ಅಂಕಿಯೇ ಹೇಳುತ್ತದೆ. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೂ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1991ರಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಎರಡು ವರ್ಷಕ್ಕೊಮ್ಮೆಯ ಸಮೀಕ್ಷೆ ಆರಂಭಿಸಿತು. ಅಲ್ಲಿ 1997ರಲ್ಲಿ ಶೇ. 36.4 ಮಂದಿ ಸಿಗರೇಟು ಸೇದುತ್ತಿದ್ದರು. 2021ಕ್ಕೆ ಅದು ಶೇ. 3.8ಕ್ಕಿಳಿಯಿತು. ಆದರೆ ಅದೇ 2021ರಲ್ಲಿ ಶೇ. 57 ಹುಡುಗಿಯರು ತಮ್ಮನ್ನು ದುಃಖ, ಹತಾಶೆ ಬಿಡದೆ ಕಾಡಿದೆ ಎಂದರು. ಒಂದು ಕೇಡು ಇಳಿದದ್ದೂ ಇನ್ನೊಂದು ತಲೆಯೆತ್ತಿದ್ದೂ ಕಂಡದ್ದು ಬಿಡದೆ ಕೇಳಿದ್ದರಿಂದ. 2022ರಲ್ಲಿ ಫ್ಲೋರಿಡಾ ರಾಜ್ಯ ಈ ಸಮೀಕ್ಷೆಯಿಂದ ಹಿಂದೆ ಸರಿಯಿತು. ಥರ್ಮಾಮೀಟರ್ ಎಸೆದರೆ ಜ್ವರ ಇಳಿಯುತ್ತದೆಯೇ?

ಹಾಗೆಂದು ಫ್ಲೋರಿಡಾವನ್ನು ನೋಡಿ ನಗುವ ಯೋಗ್ಯತೆ ನಮಗಿಲ್ಲ. ನಮ್ಮ ತಂಬಾಕು ಸಮೀಕ್ಷೆ 2003, 2006 ಮತ್ತು 2009ರಲ್ಲಿ ನಡೆಯಿತು. ಮುಂದಿನ ಸುತ್ತಿಗೆ 2019ರ ತನಕ ಕಾಯಬೇಕಾಯಿತು. 2009ರಲ್ಲಿ 13 ವರ್ಷದವನಾಗಿದ್ದ ಹುಡುಗನಿಗೆ ಅಷ್ಟರಲ್ಲಿ 23 ತುಂಬಿತ್ತು. 2022ರಲ್ಲಿ ಎನ್‌ಸಿಇಆರ್‌ಟಿ ಸುಮಾರು 3.79 ಲಕ್ಷ ವಿದ್ಯಾರ್ಥಿಗಳ ಮನಸ್ಸಿನ ಸ್ಥಿತಿಯನ್ನು ವಿಚಾರಿಸಿತು. ಓದು, ಪರೀಕ್ಷೆ, ಫಲಿತಾಂಶವೇ ಆತಂಕದ ಕಾರಣ ಎಂದರು ಶೇ. 81 ಮಂದಿ. ಈ ಉತ್ತರ ಓದಿ ಒಂದೇ ಒಂದು ಕಿರುಪರೀಕ್ಷೆಯನ್ನಾದರೂ ಕೈಬಿಟ್ಟ ಶಾಲೆಗಳೆಷ್ಟು?

‘ನಮ್ಮ ಮಕ್ಕಳು ಅಂಥವರಲ್ಲ’ ಎಂದು ಎದೆತಟ್ಟಿಕೊಳ್ಳುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಅಂಕಿಅಂಶ ಹಿಡಿದು ಒಂದು ಕೇರಿಗೋ ಒಂದು ಸಮುದಾಯಕ್ಕೋ ಹಣೆಪಟ್ಟಿ ಹಚ್ಚಲು ಕಾದಿರುವವರೂ ಇದ್ದಾರೆ. ಇಬ್ಬರಿಗೂ ಮಕ್ಕಳ ಮೇಲೆ ಕಾಳಜಿಯಿಲ್ಲ. ಆದ್ದರಿಂದ ಉತ್ತರ ಪತ್ರಿಕೆಯಲ್ಲಿ ಹೆಸರಿರಬಾರದು. ಅದು ತರಗತಿಯ ಮೇಷ್ಟ್ರ ಕೈಗೆ ಹೋಗಬಾರದು. ಉತ್ತರದ ಆಧಾರದಲ್ಲಿ ಯಾರನ್ನೂ ಶಿಕ್ಷಿಸಕೂಡದು. ಇಷ್ಟು ಭರವಸೆ ಕೊಡದೆ ನಿಜ ಹೇಳೆಂದು ಮಗುವನ್ನು ಕೇಳುವ ಹಕ್ಕು ನಮಗಿಲ್ಲ.

ಸರಕಾರ ಎರಡು ವರ್ಷಕ್ಕೊಮ್ಮೆ ಕೇಳಲಿ. ತಂಬಾಕಿನ ಜೊತೆ ಮದ್ಯ, ಹಿಂಸೆ, ಹತಾಶೆಯ ಬಗ್ಗೆಯೂ ಕೇಳಲಿ. ಕೇಳಿದ ಮೇಲೆ ಶಾಲೆಗೊಬ್ಬ ಆಪ್ತ ಸಲಹೆಗಾರನನ್ನು ಕಳುಹಿಸಲಿ. ಮಕ್ಕಳು ಹೇಳಿದ್ದನ್ನು ಕಡತದಲ್ಲಿ ಮುಚ್ಚಿಡುವುದಾದರೆ, ಕೇಳದವರಿಗೂ ಕೇಳಿದವರಿಗೂ ಏನು ವ್ಯತ್ಯಾಸ?