ನಮ್ಮ ಹಸಿರುಮನೆಗೆ ಗೋಡೆ ಬೇಡ



ಶಾಲೆಯ ಹಿಂದೆ ಹಸಿರುಮನೆ ಆಗಬೇಕು ಅಂತ ಈಗ ಎಲ್ಲರ ಬಾಯಲ್ಲೂ ಮಾತು. ವಂತಿಗೆ ಎತ್ತಿ, ಪೇಟೆಯಿಂದ ಕಬ್ಬಿಣದ ಪೈಪು ತರಿಸಿ, ನಾಲ್ಕೂ ಕಡೆ ಪ್ಲಾಸ್ಟಿಕ್ ಮುಚ್ಚಿದ ದೊಡ್ಡದೇ ಬೇಕು ಅನ್ನೋದು ಕೆಲವರ ಆಸೆ. ನನ್ನ ಅಭಿಪ್ರಾಯ ಬೇರೆ. ಮೊದಲು ನಮ್ಮ ನಮ್ಮ ಹಿತ್ತಲಲ್ಲಿ ಸಣ್ಣದಾಗಿ ಶುರು ಮಾಡೋಣ. ಅದಕ್ಕೆ ಸೂರು ಇದ್ದರೆ ಸಾಕು.

ವಿಜ್ಞಾನದ ಪಾಠದಲ್ಲಿ ಬರುವ ಗಾಜಿನ ಮನೆ ಚಳಿ ದೇಶದವರಿಗೆ ಸರಿ. ಬಿಸಿಲು ಒಳಗೆ ಬರುತ್ತದೆ, ಬಿಸಿಯಾದ ಗಾಳಿ ಹೊರಗೆ ಹೋಗದು, ಹೊರಗೆ ಹಿಮ ಬಿದ್ದರೂ ಗಿಡ ಬೆಚ್ಚಗಿರುತ್ತದೆ. ನಮ್ಮ ಮಲೆನಾಡಲ್ಲಿ ಹಿಮ ಎಲ್ಲಿದೆ? ಇಲ್ಲಿರುವುದು ಮಳೆಯ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹನಿಯ ಹೊಡೆತಕ್ಕೆ ಎಳೆ ಸಸಿ ಮಲಗಿಬಿಡುತ್ತದೆ, ಮಣ್ಣು ಸಿಡಿದು ಎಲೆಗೆ ಮೆತ್ತುತ್ತದೆ, ಬುಡ ಕೊಳೆಯುತ್ತದೆ. ಆಗ ಟೊಮೆಟೊ, ಮೆಣಸಿನಕಾಯಿಗೆ ಸಂತೆಯೇ ಗತಿ. ಕೆಸು, ಕಳಲೆ, ಹಲಸಿನ ಬೀಜ ಇವೆ, ನಿಜ. ಆದರೆ ದಿನಾ ಅದನ್ನೇ ತಿನ್ನೋಕಾಗುತ್ತಾ? (ಅಜ್ಜಿಯಂದಿರು ಇದನ್ನು ಓದದಿರಲಿ!)

ನಾಲ್ಕೂ ಕಡೆ ಮುಚ್ಚಿದರೆ ಮಳೆಗಾಲದ ತೇವ ಒಳಗೇ ಉಳಿಯುತ್ತದೆ. ಎಲೆ ಒಣಗದೆ ಬೂಷ್ಟು ಹಿಡಿಯುತ್ತದೆ. ಇನ್ನೊಂದು ಸಂಗತಿ. ಹೀರೆ, ಸೌತೆ ಬಳ್ಳಿಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಜೇನು ಬಾರದಿದ್ದರೆ ಬಳ್ಳಿ ತುಂಬ ಹೂವಿದ್ದರೂ ಕಾಯಿ ಸೊನ್ನೆ. ಗೋಡೆ ಇಲ್ಲದಿದ್ದರೆ ಎರಚಲು ಬರಲ್ವಾ ಅಂತ ಕೇಳಬಹುದು. ಬರುತ್ತದೆ. ನಮ್ಮಲ್ಲಿ ಮಳೆಗಾಳಿ ಬೀಸುವುದು ಪಡುವಣದಿಂದ ತಾನೇ, ಆ ಒಂದು ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದರಾಯಿತು. ಕೋಳಿ ನುಗ್ಗದ ಹಾಗೆ ಕೆಳಗೆ ಸುತ್ತಲೂ ಹಳೆ ಬಲೆಯೋ ಸೀರೆಯೋ ಸುತ್ತಬೇಕು.

10 ಅಡಿ ಉದ್ದ, 6 ಅಡಿ ಅಗಲ ಸಾಕು. ಬಿದಿರು, ಅಡಿಕೆ ದಬ್ಬೆ ಊರಲ್ಲೇ ಸಿಗುತ್ತವೆ. ದುಡ್ಡು ಬೇಕಾಗುವುದು ಹಾಳೆಗೆ. ಸಾದಾ ಪ್ಲಾಸ್ಟಿಕ್ ಅಗ್ಗ ಅಂತ ತಂದರೆ ಬಿಸಿಲಿಗೆ ಹಪ್ಪಳದ ಹಾಗೆ ಮುರಿಯುತ್ತದೆ. 200 ಮೈಕ್ರಾನ್ ದಪ್ಪದ ಯು.ವಿ. ಹಾಳೆಯೇ ಬೇಕು. ಅಡಿಕೆ ಒಣಗಿಸುವ ಚಪ್ಪರಕ್ಕೆ ಹೊದಿಸುತ್ತಾರಲ್ಲ, ಅದೇ. ಕೊರೆದು ಉಳಿದ ತುಂಡು ಯಾರ ಮನೆಯಲ್ಲಾದರೂ ಇದ್ದೀತು, ಮೊದಲು ಕೇಳಿ ನೋಡೋಣ. ಸೂರು ಇಳಿಜಾರಾಗಿರಬೇಕು, ಇಲ್ಲವಾದರೆ ನೀರು ನಿಂತು ಹಾಳೆ ಜೋತುಬೀಳುತ್ತದೆ. ಸುತ್ತ ಕಾಲುವೆ ತೋಡಿ, ಮಡಿಯನ್ನು ಒಂದು ಗೇಣು ಎತ್ತರಿಸಬೇಕು.

ಕಟ್ಟುವುದೇನೋ ಎರಡು ಭಾನುವಾರದ ಕೆಲಸ. ನಿಜವಾದ ಕೆಲಸ ಆಮೇಲೆ. ಸೂರಿನ ಕೆಳಗೆ ಮಳೆ ಬೀಳುವುದಿಲ್ಲವಲ್ಲ, ಹೊರಗೆ ಧೋ ಅಂತ ಸುರಿಯುತ್ತಿದ್ದರೂ ಕೊಡೆ ಹಿಡಿದು ಹೋಗಿ ಗಿಡಕ್ಕೆ ನೀರು ಹಾಕಬೇಕು. ನೋಡಿದವರು ನಗುತ್ತಾರೆ, ನಗಲಿ. ಬೇಸಿಗೆಯಲ್ಲಿ ಹಾಳೆ ತೆಗೆದು ಮಡಚಿಟ್ಟು ಸೋಗೆ ಹೊದಿಸಬೇಕು, ಇಲ್ಲವಾದರೆ ಗಿಡ ಬೆಂದೇ ಹೋಗುತ್ತದೆ. ಟೊಮೆಟೊ, ಬದನೆ, ಮೆಣಸು ಮೂರೂ ಒಂದೇ ಕುಟುಂಬದ ಗಿಡಗಳು. ಒಂದೇ ಮಡಿಯಲ್ಲಿ ಮತ್ತೆ ಮತ್ತೆ ಅವನ್ನೇ ನೆಟ್ಟರೆ ಮಣ್ಣಲ್ಲಿ ಸೊರಗು ರೋಗ ನೆಲೆಯಾಗುತ್ತದೆ. ಅಲ್ಲಿ ಮುಂದಿನ ಸಲ ಹೀರೆಯೋ ಬೀನ್ಸೋ ಹಾಕಬೇಕು. ಯಾವ ಮಡಿಗೆ ಯಾವಾಗ ಏನು ಹಾಕಿದ್ದು ಅಂತ ಬರೆದಿಡದಿದ್ದರೆ ಎರಡನೇ ವರ್ಷ ಯಾರಿಗೂ ನೆನಪಿರುವುದಿಲ್ಲ. ಅದಕ್ಕೊಂದು ನೋಟ್‌ಬುಕ್ ಬೇಕೇ ಬೇಕು.

ಶಾಲೆಯ ದೊಡ್ಡ ಹಸಿರುಮನೆಗೆ ಏಪ್ರಿಲ್, ಮೇ ರಜೆಯಲ್ಲಿ ಯಾರು ದಿಕ್ಕು? ನಾವೆಲ್ಲ ಅಜ್ಜನ ಮನೆಗೆ ಹೋಗಿರುತ್ತೇವೆ. ಹಿತ್ತಲಲ್ಲಾದರೆ ಪಾತ್ರೆ ತೊಳೆದ ನೀರನ್ನಾದರೂ ಅಮ್ಮ ಹಾಕುತ್ತಾರೆ. ನಾಲ್ಕೈದು ಹಿತ್ತಲಲ್ಲಿ ಒಂದು ಮಳೆಗಾಲ ಕಳೆಯಲಿ, ಹಾಳೆ ತಡೆಯುತ್ತದಾ, ನಾವು ತಡೆಯುತ್ತೇವಾ ನೋಡೋಣ. ವಂತಿಗೆಯ ಮಾತು ಆಮೇಲೆ ಆಡಬಹುದು. ನಮ್ಮ ಹಿತ್ತಲಲ್ಲಿ ಜಾಗ ಇದೆ ಅನ್ನುವವರು ಈ ಶನಿವಾರದೊಳಗೆ ವಿಜ್ಞಾನದ ಮೇಷ್ಟ್ರ ಹತ್ತಿರ ಹೆಸರು ಬರೆಸಿ. ರಜೆಯಲ್ಲಿ ನೀರು ಹಾಕುವವರ ಹೆಸರನ್ನೂ ಪಕ್ಕದಲ್ಲೇ ಬರೆಸಿ.