ನಾಯಿಯ ಬುದ್ಧಿ, ಯಜಮಾನನ ಬುದ್ಧಿ

ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೋ ಕುಣಿಗಲ್ ಬಸ್ಸಿಗೋ ಕಾಯುವವರ ಕಾಲಡಿ ಒಮ್ಮೊಮ್ಮೆ ಕೊರಳಪಟ್ಟಿ ಇರುವ ನಾಯಿ ಸುಳಿಯುತ್ತದೆ. ಬೀದಿನಾಯಿಗೆ ಪಟ್ಟಿ ಎಲ್ಲಿಂದ ಬಂತು ಸ್ವಾಮಿ? ಯಾರೋ ಸಾಕಿದ್ದು, ಯಾರೋ ಬಿಟ್ಟು ಹೋದದ್ದು. ಮರಿಯಾಗಿದ್ದಾಗ ಮುದ್ದು, ಬೆಳೆದ ಮೇಲೆ ಭಾರ.

ಕೇಳಿದರೆ, 'ಮೂಕಪ್ರಾಣಿ, ಅದಕ್ಕೇನ್ ಗೊತ್ತಾಗುತ್ತೆ ಬಿಡಿ' ಅಂತಾರೆ. ಗೊತ್ತಾಗುತ್ತೆ. ಜರ್ಮನಿಯ ರಿಕೊ ಎಂಬ ಸಾಕುನಾಯಿಗೆ ಸುಮಾರು 200 ಆಟಿಕೆಗಳ ಹೆಸರು ಬರುತ್ತಿತ್ತು. ಅವುಗಳ ನಡುವೆ ಹೊಸದೊಂದನ್ನು ಇಟ್ಟು, ಅದು ಎಂದೂ ಕೇಳದ ಹೆಸರು ಹೇಳಿದಾಗ 10ರಲ್ಲಿ 7 ಸಲ ಹೊಸದನ್ನೇ ಕಚ್ಚಿ ತಂದಿತು. ಉಳಿದವಕ್ಕೆಲ್ಲ ಹೆಸರಿದೆ, ಹಾಗಾದರೆ ಈ ಹೆಸರು ಇದರದ್ದೇ ಎಂಬ ಲೆಕ್ಕ! 2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಎಲ್ಲ ನಾಯಿಯೂ ರಿಕೊ ಅಲ್ಲ, ಒಪ್ಪೋಣ. ಆದರೆ ಮನುಷ್ಯ ಬೆರಳು ತೋರಿಸಿದ ಕಡೆ ಹುಡುಕುವುದರಲ್ಲಿ ನಾಯಿ ಚಿಂಪಾಂಜಿಯನ್ನೂ ಮೀರಿಸಿದೆ. ನಮ್ಮ ಕೈ, ಕಣ್ಣು, ದನಿ ಓದುವುದೇ ಅದರ ವಿದ್ಯೆ.

ನಮ್ಮ ಹಿರಿಯರಿಗೆ ಈ ಬೆಲೆ ಗೊತ್ತಿತ್ತು. ಕುಣಿಗಲ್‌ನಿಂದ ಹುಲಿಯೂರುದುರ್ಗ ದಾಟಿದರೆ ಸಿಗುವ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರಲ್ಲಿ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿದರು. ಕಾಡುಹಂದಿಯೊಡನೆ ಹೋರಾಡಿ, ಅದನ್ನೂ ಕೊಂದು ತಾನೂ ಸತ್ತ ನಾಯಿ. ಯುದ್ಧದಲ್ಲಿ ಮೆರೆದ ಮಣಲೆರ, ಬೇಕಾದ್ದು ಕೇಳು ಅಂದ ರಾಜನಿಂದ ಕೇಳಿ ಪಡೆದದ್ದು ಈ ಕಾಳಿಯನ್ನೇ. ಅಂಥ ಸೀಮೆಯ ಪಕ್ಕದವರು ನಾವು, ನಾಯಿಯನ್ನು ಬಸ್ ಸ್ಟ್ಯಾಂಡಿಗೆ ತಂದು ಬಿಡುತ್ತೇವೆ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಬಸ್ ನಿಲ್ದಾಣ, ಆಸ್ಪತ್ರೆ, ಶಾಲೆಗಳಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸೇರಿಸಬೇಕೆಂದು ಆದೇಶಿಸಿತು. ಕಚ್ಚಿಸಿಕೊಂಡವರ ಸಂಕಟ ಚಿಕ್ಕದಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಒಂದು ಕಡೆ ಹಿಡಿಯುತ್ತಾ, ಇನ್ನೊಂದು ಕಡೆ ಬಿಡುತ್ತಾ ಹೋದರೆ ಈ ಲೆಕ್ಕ ಮುಗಿಯುವುದೆಂದು?

ತುಮಕೂರಿನ ಪಾಲಿಕೆಯಾಗಲಿ, ಗುಬ್ಬಿ, ಕುಣಿಗಲ್‌ನ ಆಡಳಿತವಾಗಲಿ ಸಾಕುನಾಯಿಗಳ ದಾಖಲೆಯನ್ನು ಕಟ್ಟುನಿಟ್ಟು ಮಾಡಲಿ. ಕೊರಳಪಟ್ಟಿಯಲ್ಲೊಂದು ಬಿಲ್ಲೆ ಇರಲಿ. ಅದರ ನಂಬರು ನೋಡಿದರೆ ಯಜಮಾನ ಯಾರು, ಲಸಿಕೆ ಯಾವಾಗ ಹಾಕಿಸಿದ್ದು ಎಲ್ಲ ತಿಳಿಯಬೇಕು. ಬಿಟ್ಟು ಹೋದವನಿಗೆ ದಂಡ ಬೀಳಬೇಕು.

ಬಿಟ್ಟು ಹೋದವನ ವಾಸನೆ, ದನಿ ನಾಯಿಗೆ ನೆನಪಿರುತ್ತದೆ. ವಿಳಾಸ ಹೇಳಲು ಮಾತ್ರ ಅದಕ್ಕೆ ಬಾಯಿಲ್ಲ. ಬಿಲ್ಲೆ ಹೇಳಲಿ.